ಅಳೆಯುವ ಹಕ್ಕು, ಹೇಳುವ ಹಕ್ಕು



ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ನಾವು ಲೈಸೆನ್ಸನ್ನು ವಕೀಲರಿಗೂ ವೇಗವನ್ನು ಎಂಜಿನಿಯರುಗಳಿಗೂ ಹಂಚಿಕೊಟ್ಟುಬಿಡುತ್ತೇವೆ. ಲೈಸೆನ್ಸ್ ಎಂದರೆ ನಕಲು ಮಾಡಬಹುದೇ, ಮಾರಬಹುದೇ ಎಂಬ ಪ್ರಶ್ನೆ. ವೇಗ ಎಂದರೆ ಎಷ್ಟು ಮಿಲಿಸೆಕೆಂಡು ಎಂಬ ಲೆಕ್ಕ. ನಮ್ಮ ಪಠ್ಯಕ್ರಮಗಳೂ ಇವೆರಡಕ್ಕೆ ಸಂಬಂಧವೇ ಇಲ್ಲವೆಂಬಂತೆ ನಡೆದುಕೊಳ್ಳುತ್ತವೆ. ನನಗೆ ಇವು ಒಂದೇ ವಿಷಯವಾಗಿ ಕಾಣುತ್ತವೆ. ಒಂದು ತಂತ್ರಾಂಶ ನಿಧಾನವಾಗಿದೆ ಎಂದು ಅನುಮಾನ ಬಂದವರು ಅದನ್ನು ಅಳೆಯಬಹುದೇ? ಒಳಗೆ ಇಣುಕಿ ಕಾರಣ ಹುಡುಕಬಹುದೇ? ಕಂಡದ್ದನ್ನು ಹೆಸರು ಹಿಡಿದು ಪ್ರಕಟಿಸಬಹುದೇ? ಈ ಮೂರಕ್ಕೂ ಉತ್ತರ ಬರೆದಿಟ್ಟಿರುವುದು ಲೈಸೆನ್ಸಿನಲ್ಲಿ. ಅದನ್ನು ಓದದೆ "ಒಪ್ಪಿದ್ದೇನೆ" ಎಂದು ಒತ್ತುವ ನಾವು ಈ ಮೂರು ಹಕ್ಕುಗಳನ್ನೂ ಎಷ್ಟೋ ಸಲ ಗೊತ್ತಿಲ್ಲದೆಯೇ ಬಿಟ್ಟುಕೊಟ್ಟಿರುತ್ತೇವೆ.

1983ರಿಂದ ಆರಂಭಿಸುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್, ಡೀನಾ ಬಿಟನ್ ಮತ್ತು ಕ್ಯಾರೊಲಿನ್ ಟರ್ಬಿಫಿಲ್ ಜೊತೆ ಸೇರಿ ಆಗಿನ ಕೆಲವು ಡೇಟಾಬೇಸುಗಳನ್ನು ಒಂದೇ ಪರೀಕ್ಷೆಗೆ ಒಡ್ಡಿದರು. ಎಲ್ಲಕ್ಕೂ ಒಂದೇ ಬಗೆಯ ಕೃತಕ ಮಾಹಿತಿ ತುಂಬಿದರು, ಒಂದೇ ಪ್ರಶ್ನೆಗಳನ್ನು ಕೇಳಿದರು, ಉತ್ತರ ಬರಲು ಹಿಡಿದ ಸಮಯವನ್ನು ಬರೆದಿಟ್ಟರು. ಅದಕ್ಕೆ ವಿಸ್ಕಾನ್ಸಿನ್ ಬೆಂಚ್‌ಮಾರ್ಕ್ ಎಂದು ಹೆಸರಾಯಿತು. ಪ್ರಬಂಧದಲ್ಲಿ ಡೇಟಾಬೇಸುಗಳ ಹೆಸರುಗಳನ್ನು ಮರೆಮಾಚದೆ ಹಾಕಿದ್ದರು. ಅದರಲ್ಲಿ ಒರಾಕಲ್‌ನ ಅಂಕಿಗಳು ಚೆನ್ನಾಗಿರಲಿಲ್ಲ. ಒರಾಕಲ್ ಮುಖ್ಯಸ್ಥ ಲ್ಯಾರಿ ಎಲಿಸನ್ ಸಿಟ್ಟಾಗಿ ಡಿವಿಟ್ ಅವರನ್ನು ಕೆಲಸದಿಂದ ತೆಗೆಸಲು ನೋಡಿದರೆಂಬ ಕಥೆ ಡೇಟಾಬೇಸ್ ವಲಯದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಕಥೆ ಹೇಗೇ ಇರಲಿ, ಅದರ ಫಲ ಮಾತ್ರ ಕಾಗದದ ಮೇಲಿದೆ. ಕಂಪನಿಯ ಒಪ್ಪಿಗೆಯಿಲ್ಲದೆ ಈ ತಂತ್ರಾಂಶದ ಬೆಂಚ್‌ಮಾರ್ಕ್ ಫಲಿತಾಂಶವನ್ನು ಯಾರಿಗೂ ತಿಳಿಸುವಂತಿಲ್ಲ ಎಂಬ ಷರತ್ತು ಒರಾಕಲ್ ಲೈಸೆನ್ಸಿಗೆ ಸೇರಿತು. ಬೇರೆ ಕಂಪನಿಗಳೂ ಅದನ್ನು ಅನುಸರಿಸಿದವು. ಆ ಷರತ್ತಿಗೆ ಇಂದಿಗೂ ಡಿವಿಟ್ ಷರತ್ತು ಎಂದೇ ಹೆಸರು. ಅಳೆದವನ ಹೆಸರನ್ನೇ ಅಳತೆಯ ನಿಷೇಧಕ್ಕೆ ಇಟ್ಟಂತಾಯಿತು.

ಸಂತೆಯಲ್ಲಿ ತೂಕದ ಬಟ್ಟು ಮುಟ್ಟಿ ನೋಡಬಾರದು ಎಂದು ಅಂಗಡಿಯವನು ಹೇಳಿದರೆ ಗಿರಾಕಿ ಅಲ್ಲಿ ನಿಲ್ಲುವುದಿಲ್ಲ. ತಂತ್ರಾಂಶದಲ್ಲಿ ಮಾತ್ರ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳು, ಸರ್ಕಾರಗಳು ದಶಕಗಳ ಕಾಲ ಅದಕ್ಕೆ ಸಹಿ ಹಾಕಿದವು. ಸಂಶೋಧನೆಯ ಮೇಲೆ ಅದರ ಪರಿಣಾಮವನ್ನು ನೋಡಿ. 2009ರಲ್ಲಿ, ದೊಡ್ಡ ಪ್ರಮಾಣದ ಮಾಹಿತಿಯನ್ನು ಸಂಸ್ಕರಿಸುವ ಹಡೂಪ್ ಮತ್ತು ಸಾಂಪ್ರದಾಯಿಕ ಡೇಟಾಬೇಸುಗಳನ್ನು ಹೋಲಿಸಿದ ಪ್ರಸಿದ್ಧ ಪ್ರಬಂಧವೊಂದು ಬಂತು. ಹಡೂಪ್ ಮುಕ್ತ ತಂತ್ರಾಂಶ, ಅದರ ಹೆಸರು ಪ್ರಬಂಧದಲ್ಲಿ ರಾಜಾರೋಷವಾಗಿ ಇದೆ. ಹೋಲಿಕೆಗೆ ತೆಗೆದುಕೊಂಡ ಒಂದು ವಾಣಿಜ್ಯ ಡೇಟಾಬೇಸಿಗೆ "ಡಿಬಿಎಂಎಸ್ ಎಕ್ಸ್" ಎಂದಷ್ಟೇ ಹೆಸರು. ಪ್ರಬಂಧದ ಲೇಖಕರಲ್ಲಿ ಡೇವಿಡ್ ಡಿವಿಟ್ ಕೂಡ ಒಬ್ಬರು. ಇಪ್ಪತ್ತಾರು ವರ್ಷ ಹಿಂದೆ ಹೆಸರು ಬರೆದಿದ್ದ ಕೈಯೇ ಈಗ ಎಕ್ಸ್ ಎಂದು ಬರೆಯಬೇಕಾಯಿತು. ಓದುಗನಿಗೆ ನಷ್ಟವಾದದ್ದು ಇಷ್ಟೇ ಅಲ್ಲ. ಹೆಸರಿಲ್ಲದ ವಸ್ತುವಿನ ಮೇಲೆ ನಡೆದ ಪ್ರಯೋಗವನ್ನು ಇನ್ನೊಬ್ಬರು ಮರುಮಾಡಿ ನೋಡಲಾಗುವುದಿಲ್ಲ. ಮರುಮಾಡಲಾಗದ ಪ್ರಯೋಗವನ್ನು ವಿಜ್ಞಾನ ಎಂದು ಹೇಗೆ ಕರೆಯೋಣ?

ಈ ಗೋಡೆಗೆ ಬಿರುಕು ಬಿದ್ದದ್ದು ತೀರಾ ಇತ್ತೀಚೆಗೆ. 2021ರ ನವೆಂಬರಿನಲ್ಲಿ ಡೇಟಾಬ್ರಿಕ್ಸ್ ಮತ್ತು ಸ್ನೋಫ್ಲೇಕ್ ಎಂಬ ಎರಡು ಕಂಪನಿಗಳು ವೇಗದ ವಿಚಾರದಲ್ಲಿ ಬಹಿರಂಗವಾಗಿ ಜಗಳಕ್ಕಿಳಿದವು. ಆ ಜಗಳದ ನಡುವೆ ಎರಡೂ ತಮ್ಮ ಷರತ್ತುಗಳಿಂದ ಈ ನಿಷೇಧವನ್ನು ಕಿತ್ತುಹಾಕಿದವು. ಪೈಪೋಟಿಯಿಂದ ಹುಟ್ಟಿದ ನಿಷೇಧವನ್ನು ಪೈಪೋಟಿಯೇ ಸಡಿಲಿಸಿತು. ಮುಕ್ತ ತಂತ್ರಾಂಶಕ್ಕೆ ಆ ಸೌಜನ್ಯಕ್ಕಾಗಿ ಕಾಯಬೇಕಾಗಿಲ್ಲ. ಯಾವುದೇ ಉದ್ದೇಶಕ್ಕೆ ಬಳಸುವ ಸ್ವಾತಂತ್ರ್ಯ ಅದರ ಮೊದಲ ಲಕ್ಷಣ. ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆಯ ಯೋಜನೆ 1997ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯೂ ಅದರಿಂದ ಮರುವರ್ಷ ರೂಪುಗೊಂಡ ಓಪನ್ ಸೋರ್ಸ್ ವ್ಯಾಖ್ಯೆಯೂ ಯಾವ ಕ್ಷೇತ್ರದಲ್ಲಿ ಬಳಸುತ್ತೀರಿ ಎಂಬುದರ ಮೇಲೆ ನಿರ್ಬಂಧ ಹೇರುವುದನ್ನು ಒಪ್ಪುವುದಿಲ್ಲ. ಅಳೆಯುವುದೂ ಒಂದು ಬಳಕೆಯೇ.

ಇದು ಬರೀ ತತ್ವವಲ್ಲ ಎಂಬುದು 2018ರ ಆಗಸ್ಟಿನಲ್ಲಿ ಗೊತ್ತಾಯಿತು. ಆ ವರ್ಷದ ಆರಂಭದಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾಗಿದ್ದವು. ಅವಕ್ಕೆ ಪರಿಹಾರ ಹಾಕಿದರೆ ಯಂತ್ರ ನಿಧಾನವಾಗುತ್ತಿತ್ತು. ಎಷ್ಟು ನಿಧಾನ ಎಂಬುದೇ ಎಲ್ಲರ ಪ್ರಶ್ನೆ. ಆಗಸ್ಟಿನಲ್ಲಿ ಇನ್ನೊಂದು ದೋಷ ಬಯಲಾಯಿತು. ಅದಕ್ಕೆ ಇಂಟೆಲ್ ಕೊಟ್ಟ ಮೈಕ್ರೋಕೋಡ್ ಪರಿಹಾರದ ಲೈಸೆನ್ಸಿನಲ್ಲಿ ಹೊಸದೊಂದು ಸಾಲು ಇತ್ತು: ಬೆಂಚ್‌ಮಾರ್ಕ್ ಅಥವಾ ಹೋಲಿಕೆಯ ಫಲಿತಾಂಶವನ್ನು ಪ್ರಕಟಿಸಬಾರದು. ಎಂದರೆ ರಿಪೇರಿ ಮಾಡಿಸಿಕೊಳ್ಳಿ, ಆದರೆ ರಿಪೇರಿಯಾದ ಮೇಲೆ ಎಷ್ಟು ನಿಧಾನವಾಯಿತೆಂದು ಬಾಯಿಬಿಡಬೇಡಿ ಎಂದಂತೆ. ಓಪನ್ ಸೋರ್ಸ್ ವ್ಯಾಖ್ಯೆಯನ್ನು ಬರೆದ ಬ್ರೂಸ್ ಪೆರೆನ್ಸ್ ಅದನ್ನು ಎತ್ತಿ ತೋರಿಸಿದರು. ಲೈಸೆನ್ಸಿನ ಕಾರಣಕ್ಕೆ ಡೆಬಿಯನ್‌ನಲ್ಲಿ ಆ ಪರಿಹಾರದ ವಿತರಣೆ ತಡೆದು ನಿಂತಿತು. ಕೆಲವೇ ದಿನಗಳಲ್ಲಿ ಇಂಟೆಲ್ ಆ ಸಾಲನ್ನು ತೆಗೆದು ಸರಳವಾದ ಲೈಸೆನ್ಸ್ ಕೊಟ್ಟಿತು. ಒಪ್ಪಂದವನ್ನು ಸಾಲುಸಾಲಾಗಿ ಓದುವ ಸಂಬಳವಿಲ್ಲದ ಸ್ವಯಂಸೇವಕರು ಇದ್ದದ್ದರಿಂದ ಇದು ಸಾಧ್ಯವಾಯಿತು. ಅವರ ಈ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಲೈಸೆನ್ಸ್ ಬಾಯಿ ಮುಚ್ಚಿಸುವ ಕಥೆ. ಲೈಸೆನ್ಸೇ ನಿಧಾನಕ್ಕೆ ಕಾರಣವಾಗುವುದೂ ಉಂಟು. ಅದಕ್ಕೆ ಝಡ್‌ಎಫ್‌ಎಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಝಡ್‌ಎಫ್‌ಎಸ್ ಎಂಬುದು ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ರೂಪಿಸಿ 2005ರಲ್ಲಿ ಸಿಡಿಡಿಎಲ್ ಎಂಬ ಮುಕ್ತ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿತು. ಬರೆದ ಪ್ರತಿ ತುಣುಕಿಗೂ ಅದು ಒಂದು ತಾಳೆಸಂಖ್ಯೆಯನ್ನು ಲೆಕ್ಕ ಹಾಕಿ ಇಡುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕಿ, ಡಿಸ್ಕು ಮೌನವಾಗಿ ಮಾಹಿತಿಯನ್ನು ಕೆಡಿಸಿದ್ದರೆ ಹಿಡಿಯುತ್ತದೆ. ಬಹಳ ಒಳ್ಳೆಯ ಗುಣ, ಆದರೆ ಲೆಕ್ಕ ಮುಗಿಯುವುದೇ ಇಲ್ಲ. ಆಧುನಿಕ ಪ್ರೊಸೆಸರುಗಳಲ್ಲಿ ಒಂದೇ ಆಜ್ಞೆಗೆ ಅನೇಕ ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸುವ ವಿಶೇಷ ರಿಜಿಸ್ಟರುಗಳಿವೆ; ಅವನ್ನು ಬಳಸಿದರೆ ಈ ಲೆಕ್ಕ ಬಹಳ ಬೇಗ ಮುಗಿಯುತ್ತದೆ. ಆದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಒಳಗಿಂದ ಅವನ್ನು ಮುಟ್ಟುವ ಮೊದಲು, ಅಲ್ಲಿ ಬಳಕೆದಾರನ ಪ್ರೋಗ್ರಾಂ ಇಟ್ಟಿರುವ ಸಂಖ್ಯೆಗಳನ್ನು ಜೋಪಾನವಾಗಿ ಎತ್ತಿಟ್ಟು ಆಮೇಲೆ ವಾಪಸ್ ಇಡಬೇಕು. ಆ ಕೆಲಸಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ ಸಿದ್ಧ ಫಂಕ್ಷನ್ ಇದೆ.

ಲಿನಕ್ಸ್ ಇರುವುದು ಜಿಪಿಎಲ್ ಎರಡನೆಯ ಆವೃತ್ತಿಯ ಅಡಿ. ಸಿಡಿಡಿಎಲ್ ಮತ್ತು ಜಿಪಿಎಲ್ ಎರಡೂ ಮುಕ್ತವೇ, ಆದರೆ ಒಂದರ ಕೋಡನ್ನು ಇನ್ನೊಂದರ ಜೊತೆ ಬೆರೆಸಿ ಹಂಚಲು ಅವುಗಳ ಷರತ್ತು ಬಿಡುವುದಿಲ್ಲ ಎಂಬುದು ಬಹುಮಂದಿಯ ನಿಲುವು. ಹಾಗಾಗಿ ಝಡ್‌ಎಫ್‌ಎಸ್ ಲಿನಕ್ಸಿನ ಮೂಲ ಕೋಡಿನೊಳಗೆ ಎಂದೂ ಸೇರಲಿಲ್ಲ, ಹೊರಗಿನ ಮಾಡ್ಯೂಲಾಗಿಯೇ ಉಳಿಯಿತು. ಕರ್ನಲ್‌ನ ಕೆಲವು ಸೌಲಭ್ಯಗಳಿಗೆ "ಜಿಪಿಎಲ್ ಮಾಡ್ಯೂಲುಗಳಿಗೆ ಮಾತ್ರ" ಎಂಬ ಗುರುತು ಇರುತ್ತದೆ. ಮೇಲೆ ಹೇಳಿದ ಫಂಕ್ಷನ್‌ಗೆ ಆ ಗುರುತಿತ್ತು. ಅದರದೇ ಇನ್ನೊಂದು ರೂಪಕ್ಕೆ ಇರಲಿಲ್ಲ, ಝಡ್‌ಎಫ್‌ಎಸ್ ಅದನ್ನು ಬಳಸುತ್ತಿತ್ತು. 2019ರಲ್ಲಿ ಬಂದ ಲಿನಕ್ಸ್ 5.0 ಆವೃತ್ತಿಯಲ್ಲಿ ಆ ಎರಡನೆಯ ರೂಪವನ್ನು ಹೊರಗಿನ ಮಾಡ್ಯೂಲುಗಳಿಗೆ ಸಿಗದಂತೆ ಮಾಡಿದರು. ಒಂದೇ ಬಾಗಿಲಿತ್ತು, ಅದೂ ಮುಚ್ಚಿತು. ತಾಳೆಸಂಖ್ಯೆ, ಗೂಢಲಿಪೀಕರಣ, ರೈಡ್ ಲೆಕ್ಕಗಳೆಲ್ಲ ಹಳೆಯ ನಿಧಾನದ ದಾರಿಗೆ ಬಿದ್ದವು. ದೂರು ಹೋದಾಗ ಕರ್ನಲ್‌ನ ಹಿರಿಯ ನಿರ್ವಾಹಕ ಗ್ರೆಗ್ ಕ್ರೋಹಾರ್ಟ್‌ಮನ್ ಕಟುವಾಗಿಯೇ ಉತ್ತರಿಸಿದರು. ತಮ್ಮ ಕೋಡ್ ಲಿನಕ್ಸಿಗೆ ಸೇರಬಾರದೆಂದು ಸನ್ ಕಂಪನಿಯೇ ಬಯಸಿತ್ತು, ಅದಕ್ಕಾಗಿ ನಾವು ಯಾಕೆ ಹೆಚ್ಚಿನ ಶ್ರಮ ಪಡಬೇಕು ಎಂಬುದು ಅವರ ವಾದ.

ಈ ಜಗಳದಲ್ಲಿ ನನಗೆ ಕರ್ನಲ್‌ನವರ ಮಾತಿನ ಧಾಟಿ ಹಿಡಿಸುವುದಿಲ್ಲ, ಅವರ ಹಕ್ಕನ್ನು ಮಾತ್ರ ಅಲ್ಲಗಳೆಯಲಾರೆ. ತಮ್ಮ ಲೈಸೆನ್ಸನ್ನು ಅವರು 1992ರಿಂದ ಬದಲಿಸದೆ ಕಾಪಾಡಿಕೊಂಡು ಬಂದಿದ್ದಾರೆ. 2010ರಲ್ಲಿ ಸನ್ ಕಂಪನಿಯನ್ನು ಕೊಂಡ ಒರಾಕಲ್ ತನ್ನ ಪಾಲಿನ ಝಡ್‌ಎಫ್‌ಎಸ್ ಕೋಡಿಗೆ ಜಿಪಿಎಲ್‌ಗೆ ಹೊಂದುವ ಲೈಸೆನ್ಸ್ ಕೊಡಬಹುದಿತ್ತು, ಕೊಡಲಿಲ್ಲ. ಈ ಪ್ರಕರಣದಲ್ಲಿ ನಾನು ಮೆಚ್ಚುವುದು ಬೇರೆ ಒಂದನ್ನು. ಯಾವ ದಿನ, ಯಾವ ಬದಲಾವಣೆಯಿಂದ, ಯಾವ ಕಾರಣಕ್ಕೆ ತಮ್ಮ ಡಿಸ್ಕು ನಿಧಾನವಾಯಿತೆಂದು ಪ್ರತಿಯೊಬ್ಬ ಬಳಕೆದಾರನೂ ತಿಳಿಯಬಹುದಿತ್ತು. ಝಡ್‌ಎಫ್‌ಎಸ್ ತಂಡ ಅದನ್ನು ಮುಚ್ಚಿಡಲಿಲ್ಲ. ರಿಜಿಸ್ಟರುಗಳನ್ನು ಎತ್ತಿಡುವ ಕೋಡನ್ನು ಕೆಲವು ತಿಂಗಳುಗಳಲ್ಲಿ ತಾವೇ ಬರೆದುಕೊಂಡು ವೇಗವನ್ನು ಮರಳಿ ಪಡೆದರು. ಮುಚ್ಚಿದ ತಂತ್ರಾಂಶದಲ್ಲಿ ಇದೇ ಆಗಿದ್ದರೆ ಬಳಕೆದಾರನಿಗೆ ಸಿಗುತ್ತಿದ್ದ ಉತ್ತರ, ನಿಮ್ಮ ಯಂತ್ರ ಹಳೆಯದಾಯಿತು, ಹೊಸದು ಕೊಳ್ಳಿ ಎಂಬುದು.

ಉತ್ಪ್ರೇಕ್ಷೆ ಎನಿಸಿದರೆ ಜಿಟಿಎ ಆನ್‌ಲೈನ್ ಆಟವನ್ನು ನೆನಪಿಸಿಕೊಳ್ಳಿ. ನಿಮ್ಮಲ್ಲಿ ಕೆಲವರು ಆಡಿರಬಹುದು. 2013ರಲ್ಲಿ ಬಂದ ಆಟ. ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳಲು ಎಷ್ಟೋ ಜನರಿಗೆ ಐದಾರು ನಿಮಿಷ ಹಿಡಿಯುತ್ತಿತ್ತು. ವರ್ಷಗಟ್ಟಲೆ ಆಟಗಾರರು ತಮ್ಮ ಯಂತ್ರವನ್ನೇ ಬೈದುಕೊಂಡರು. 2021ರಲ್ಲಿ ಹೊರಗಿನವರೊಬ್ಬರು ಆಟದ ಯಂತ್ರಭಾಷೆಯನ್ನೇ ಬಿಡಿಸಿ ನೋಡಿದರು. ಸುಮಾರು 10 ಎಂಬಿಯ ಒಂದು ಪಠ್ಯ ಕಡತವನ್ನು ಓದುವಾಗ ಪ್ರತಿ ಪದಕ್ಕೂ ಉಳಿದ ಇಡೀ ಕಡತದ ಉದ್ದವನ್ನು ಮತ್ತೆ ಮತ್ತೆ ಎಣಿಸಲಾಗುತ್ತಿತ್ತು. ಅದನ್ನೂ ಜೊತೆಗಿದ್ದ ಇನ್ನೊಂದು ದೋಷವನ್ನೂ ಸರಿಪಡಿಸಿದರೆ ಕಾಯುವ ಸಮಯ ಶೇಕಡಾ 70ರಷ್ಟು ತಗ್ಗಿತು. ಕಂಪನಿ ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟು ತಿದ್ದುಪಡಿಯನ್ನು ಒಪ್ಪಿಕೊಂಡಿತು. ಅದು ಒಳ್ಳೆಯ ನಡೆ. ಆದರೆ ಇಂಥ ದೋಷ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಗೂ ಕಾಣುವಂಥದ್ದು. ಕಾಣಲು ಕೋಡ್ ಕಣ್ಣೆದುರು ಇರಬೇಕಷ್ಟೆ.

ಕೋಡ್ ಕಣ್ಣೆದುರು ಇದ್ದಾಗ ಏನಾಗಬಹುದು ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಸಾಕ್ಷಿ 2024ರ ಮಾರ್ಚ್ 29ರ ಘಟನೆ. ಮೈಕ್ರೋಸಾಫ್ಟಿನಲ್ಲಿದ್ದುಕೊಂಡು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕೋಡ್ ಬರೆಯುವ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಯಂತ್ರದಲ್ಲಿ ಸೂಕ್ಷ್ಮವಾದ ವೇಗದ ಅಳತೆ ಮಾಡುತ್ತಿದ್ದರು. ಅಂಥ ಅಳತೆಗೆ ಯಂತ್ರ ಸ್ತಬ್ಧವಾಗಿರಬೇಕು. ಆದರೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆ, ಸುಳ್ಳು ಹೆಸರಿನಲ್ಲಿ ಬರುವ ಲಾಗಿನ್ ಯತ್ನಗಳಿಗೂ ವಿಪರೀತ ಪ್ರೊಸೆಸರ್ ಸಮಯ ತಿನ್ನುತ್ತಿರುವುದು ಕಾಣಿಸಿತು. ಅಳೆದರು. ಮೊದಲು ಸುಮಾರು 0.3 ಸೆಕೆಂಡು ಹಿಡಿಯುತ್ತಿದ್ದ ಲಾಗಿನ್ ಈಗ 0.8 ಸೆಕೆಂಡು ಹಿಡಿಯುತ್ತಿತ್ತು. ಅರ್ಧ ಸೆಕೆಂಡು. ನಾವಾಗಿದ್ದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಮುಂದೆ ಹೋಗುತ್ತಿದ್ದೆವು.

ಅವರು ಹೋಗಲಿಲ್ಲ. ಸಮಯ ಎಲ್ಲಿ ಖರ್ಚಾಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಹಾಕಿ ನೋಡಿದರೆ ಅದು ಲಿಬ್‌ಎಲ್‌ಝಡ್‌ಎಂಎ ಎಂಬ, ಕಡತಗಳನ್ನು ಕುಗ್ಗಿಸುವ ಗ್ರಂಥಾಲಯವನ್ನು ತೋರಿಸಿತು. ಲಾಗಿನ್‌ಗೂ ಕಡತ ಕುಗ್ಗಿಸುವುದಕ್ಕೂ ಏನು ಸಂಬಂಧ? ಆ ಗ್ರಂಥಾಲಯದಲ್ಲಿ ಯಾವ ಫಂಕ್ಷನ್ ಎಂದೂ ಪ್ರೊಫೈಲರ್ ಹೇಳಲಿಲ್ಲ. ಕೆಲವು ವಾರಗಳ ಹಿಂದೆ ಬೇರೊಂದು ಪರೀಕ್ಷೆಯಲ್ಲಿ ಅದೇ ಭಾಗದ ಬಗ್ಗೆ ಕಂಡಿದ್ದ ವಿಚಿತ್ರ ಎಚ್ಚರಿಕೆ ಅವರಿಗೆ ನೆನಪಾಯಿತು. ಎಳೆ ಹಿಡಿದು ಹೋದಾಗ ಸಿಕ್ಕಿದ್ದು ಒಂದು ಕಳ್ಳಬಾಗಿಲು. ಎಕ್ಸ್‌ಝಡ್ ಎಂಬ, ಆ ಗ್ರಂಥಾಲಯವನ್ನು ಹೊರತರುವ ಯೋಜನೆಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಗುಟ್ಟಿನ ಕೀಲಿ ಇರುವವರು ಯಾವ ಸರ್ವರಿನಲ್ಲಾದರೂ ತಮ್ಮ ಆಜ್ಞೆ ನಡೆಸಬಹುದಾದ ಕೋಡನ್ನು ಅಡಗಿಸಿಡಲಾಗಿತ್ತು. ಮುಖ್ಯ ಲಿನಕ್ಸ್ ಹಂಚಿಕೆಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಬಯಲಾಯಿತು. ತಲುಪಿದ್ದರೆ ಜಗತ್ತಿನ ಎಷ್ಟು ಸರ್ವರುಗಳು ಬಾಗಿಲು ತೆರೆದಿಟ್ಟುಕೊಂಡಿರುತ್ತಿದ್ದವೋ ಊಹಿಸಲೂ ಭಯವಾಗುತ್ತದೆ.

ಈ ಘಟನೆಯನ್ನು "ಮುಕ್ತ ತಂತ್ರಾಂಶದ ಗೆಲುವು" ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಎಕ್ಸ್‌ಝಡ್‌ನ ಲೈಸೆನ್ಸ್ ಅತ್ಯಂತ ಉದಾರವಾದದ್ದು, ಕೋಡ್ ಎಲ್ಲರಿಗೂ ಕಾಣುತ್ತಿತ್ತು. ಆದರೆ ಕಳ್ಳಬಾಗಿಲನ್ನು ಜೋಡಿಸುವ ಕೊನೆಯ ತುಣುಕು ಸಾರ್ವಜನಿಕ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನೊಳಗೆ ಮಾತ್ರ ಇತ್ತು. ಎಲ್ಲರೂ ನೋಡುವ ಕಡೆ ಒಂದು, ಎಲ್ಲರೂ ಬಳಸುವ ಕಡೆ ಇನ್ನೊಂದು. ಅದರ ಹಿಂದೆ ಇನ್ನೂ ನೋವಿನ ಸಂಗತಿಯಿದೆ. ಲಾಸ್ಸೆ ಕೊಲಿನ್ ಎಂಬ ಒಬ್ಬರೇ ಆ ಯೋಜನೆಯನ್ನು ವರ್ಷಗಳ ಕಾಲ ನಡೆಸಿಕೊಂಡು ಬಂದಿದ್ದರು. 2022ರಲ್ಲಿ, ಕೆಲಸ ತಡವಾಗುತ್ತಿದೆ, ಬೇರೆಯವರಿಗೆ ಒಪ್ಪಿಸಿ ಎಂದು ಅಪರಿಚಿತ ಹೆಸರುಗಳಿಂದ ಒತ್ತಡ ಬಂತು. ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂಬುದನ್ನೂ ಕೊಲಿನ್ ಮುಚ್ಚಿಡದೆ ಹೇಳಿದ್ದರು. ಆ ಮುಕ್ತ ಮಾತಿಗೆ ಜಗತ್ತಿನ ದೊಡ್ಡ ಕಂಪನಿಗಳು ಸ್ಪಂದಿಸಲಿಲ್ಲ. "ಜಿಯಾ ಟಾನ್" ಎಂಬ ಹೆಸರಿನಲ್ಲಿ ನೆರವಿಗೆ ಬಂದವನೇ ಕಳ್ಳಬಾಗಿಲು ಇಟ್ಟವನು. ಯೋಜನೆಯ ನಿಧಾನಗತಿಯನ್ನು ಬಿಚ್ಚಿ ಹೇಳುವವರು ಇದ್ದರೆ ಸಾಲದು, ಕೇಳಿಸಿಕೊಂಡವರು ಕೈಜೋಡಿಸಬೇಕು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಝೆರೋಧಾ ಕಂಪನಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯೊಂದನ್ನು ಘೋಷಿಸಿತು. ಈ ಊರಿನ ಇನ್ನೆಷ್ಟೋ ಕಂಪನಿಗಳು ನಡೆಯುವುದು ಇಂಥ ಕೋಡಿನ ಮೇಲೆಯೇ. ಅವುಗಳಿಗೂ ಇದು ಅನುಸರಿಸಬಹುದಾದ ದಾರಿ.

ಇನ್ನು ಯೋಜನೆ ನಡೆಸುವವರ ನಡತೆಯ ವಿಚಾರ. ಲೈಸೆನ್ಸ್ ಅಳೆಯಲು ಬಿಟ್ಟರೂ ತಮ್ಮ ಬಗ್ಗೆ ತಾವು ನಿಜ ಹೇಳುವುದು ಬೇರೆಯದೇ ಶಿಸ್ತು. ಮಾಂಗೋಡಿಬಿ ಡೇಟಾಬೇಸಿನ ಆರಂಭದ ದಿನಗಳಲ್ಲಿ, ಮಾಹಿತಿಯನ್ನು ಬರೆಯಿರಿ ಎಂದು ಸರ್ವರಿಗೆ ಕಳಿಸಿದ ಮೇಲೆ "ಬರೆದಾಯಿತು" ಎಂಬ ಉತ್ತರಕ್ಕೆ ಅದರ ಡ್ರೈವರುಗಳು ಕಾಯುತ್ತಲೇ ಇರಲಿಲ್ಲ. ಯಾರೂ ಬದಲಿಸದಿದ್ದರೆ ತಾನಾಗಿಯೇ ಜಾರಿಯಲ್ಲಿರುತ್ತಿದ್ದ ವ್ಯವಸ್ಥೆ ಅದು. ಬೆಂಚ್‌ಮಾರ್ಕುಗಳಲ್ಲಿ ಅಂಕಿ ಹಿಗ್ಗಿದಂತೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಕೋಡ್ ಆಗ ತೆರೆದೇ ಇತ್ತು. ಆದರೂ ಮಾಹಿತಿ ಕಳೆದುಕೊಂಡ ಮೇಲಷ್ಟೇ ಈ ವಿಷಯ ಅರಿತವರು ಹಲವರು. 2012ರ ನವೆಂಬರಿನಲ್ಲಿ ಆ ವ್ಯವಸ್ಥೆಯನ್ನು ಬದಲಿಸಿ ಉತ್ತರಕ್ಕೆ ಕಾಯುವಂತೆ ಮಾಡಿದರು.

ಇದಕ್ಕೆ ಎದುರಾಗಿ ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವ ಉದಾಹರಣೆ ಪೈಥಾನ್‌ನದು. 2025ರ ಫೆಬ್ರವರಿಯಲ್ಲಿ ಪೈಥಾನ್ 3.14ಕ್ಕೆ ಹೊಸ ಬಗೆಯ ಇಂಟರ್‌ಪ್ರಿಟರ್ ಸೇರಿತು. ಹಳೆಯದಕ್ಕಿಂತ ಸರಾಸರಿ ಶೇಕಡಾ 10ರಿಂದ 15ರಷ್ಟು ವೇಗ ಎಂಬ ಅಂಕಿ ಪ್ರಕಟವಾಯಿತು. ಪೈಥಾನ್‌ನಂಥ ಭಾಷೆಯಲ್ಲಿ ಇದು ಹಬ್ಬ ಮಾಡುವಂಥ ಸುದ್ದಿ. ನೆಲ್ಸನ್ ಎಲ್ಹೇಜ್ ಎಂಬ ಎಂಜಿನಿಯರ್ ಈ ಅಂಕಿಯನ್ನು ತಾವೇ ಬೇರೆ ಬೇರೆ ಕಂಪೈಲರುಗಳ ಮೇಲೆ ಪರೀಕ್ಷಿಸಿದರು. ಹೋಲಿಕೆ ಮಾಡಿದ್ದ ಕ್ಲ್ಯಾಂಗ್ 19 ಕಂಪೈಲರಿನಲ್ಲಿ ಒಂದು ದೋಷ ಹೊಸದಾಗಿ ನುಸುಳಿತ್ತು. ಅದು ಹಳೆಯ ಇಂಟರ್‌ಪ್ರಿಟರನ್ನು ನಿಧಾನ ಮಾಡಿತ್ತು. ಹೊಸದು ಅಷ್ಟು ಓಡಿದಂತೆ ಕಂಡದ್ದು ಹಳೆಯದು ಎಡವಿದ್ದರಿಂದ. ದೋಷವಿಲ್ಲದ ಕಂಪೈಲರುಗಳ ಎದುರು ಇಟ್ಟು ನೋಡಿದರೆ ನಿಜವಾದ ಲಾಭ ಹೆಚ್ಚೆಂದರೆ ಶೇಕಡಾ 5ರ ಆಸುಪಾಸು. ಆ ಕೆಲಸ ಮಾಡಿದ್ದ ಕೆನ್ ಜಿನ್ ಸುಮಾರು ಒಂದು ತಿಂಗಳಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಅಧಿಕೃತ ದಾಖಲೆಯಲ್ಲಿ ಅಂಕಿಯನ್ನು ತಗ್ಗಿಸಿ ಬರೆದರು. ಕೋಡನ್ನು ಯಾರೂ ಕಿತ್ತುಹಾಕಲಿಲ್ಲ, ಯಾಕೆಂದರೆ ಸಣ್ಣ ಲಾಭವೂ ಲಾಭವೇ. ಕಂಪೈಲರಿನ ದೋಷವೂ ಬೆಳಕಿಗೆ ಬಂತು. ಪೈಥಾನ್ ಮತ್ತು ಕಂಪೈಲರ್ ಎರಡರ ಕೋಡೂ ತೆರೆದಿತ್ತು, ಎರಡನ್ನೂ ಅಳೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದನ್ನು ಓದಿದ ದಿನ ಈ ವೃತ್ತಿಯ ಮೇಲಿನ ನನ್ನ ಗೌರವ ಹೆಚ್ಚಿತು.

ವೇಗದ ಬಗ್ಗೆ ಹೇಳಿದ ಈ ಶಿಸ್ತು ಲೈಸೆನ್ಸಿನ ಬಗ್ಗೆಯೂ ಬೇಕು. ಕಳೆದ ಕೆಲವು ವರ್ಷಗಳಲ್ಲಿ ಮುಕ್ತ ಲೈಸೆನ್ಸಿನಿಂದ ಹಿಂದೆ ಸರಿದ ಯೋಜನೆಗಳ ಸಾಲೇ ಇದೆ: 2018ರಲ್ಲಿ ಮಾಂಗೋಡಿಬಿ, 2021ರಲ್ಲಿ ಇಲಾಸ್ಟಿಕ್‌ಸರ್ಚ್, 2023ರಲ್ಲಿ ಟೆರಾಫಾರ್ಮ್, 2024ರಲ್ಲಿ ರೆಡಿಸ್. ಕಾರಣ ಬಹುಪಾಲು ಒಂದೇ. ನಾವು ಬರೆದದ್ದನ್ನು ಕ್ಲೌಡ್ ಕಂಪನಿಗಳು ಸೇವೆಯಾಗಿ ಮಾರಿ ಹಣ ಮಾಡುತ್ತವೆ, ನಮಗೇನೂ ಕೊಡುವುದಿಲ್ಲ. ಈ ದೂರಿನಲ್ಲಿ ಸತ್ಯವಿದೆ, ಅದನ್ನು ಹಗುರವಾಗಿ ನೋಡಬಾರದು. ನನ್ನ ತಕರಾರು ಇರುವುದು ಬದಲಿಸಿದ ರೀತಿಯ ಬಗ್ಗೆ.

ರೆಡಿಸ್ ಅನ್ನೇ ತೆಗೆದುಕೊಳ್ಳಿ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಆರಂಭಿಸಿದ, ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟು ಮಿಂಚಿನಂತೆ ಕೊಡುವ ವ್ಯವಸ್ಥೆ. ಲೈಸೆನ್ಸ್ ಬಿಎಸ್‌ಡಿ. 2018ರಲ್ಲಿ ಅದರ ಕೆಲವು ಪೂರಕ ಭಾಗಗಳ ಲೈಸೆನ್ಸ್ ಬದಲಾಗಿ ಗದ್ದಲವೆದ್ದಾಗ, ಮೂಲ ರೆಡಿಸ್ ಬಿಎಸ್‌ಡಿಯಲ್ಲೇ ಉಳಿಯುತ್ತದೆ ಎಂದು ಸಾನ್‌ಫಿಲಿಪ್ಪೊ ಅವರೂ ಕಂಪನಿಯೂ ಸ್ಪಷ್ಟವಾಗಿ ಬರೆದರು. 2020ರಲ್ಲಿ ಸಾನ್‌ಫಿಲಿಪ್ಪೊ ಹೊಣೆ ಬಿಟ್ಟರು. 2024ರ ಮಾರ್ಚ್ 20ರಂದು ಕಂಪನಿ ಬಿಎಸ್‌ಡಿಯನ್ನು ಕೈಬಿಟ್ಟಿತು. ಕಾನೂನಿನ ಪ್ರಕಾರ ತಪ್ಪಿಲ್ಲ. ಬಿಎಸ್‌ಡಿ ಅಷ್ಟು ಸಡಿಲ. ಆದರೆ ಆ ಮಾತನ್ನು ನಂಬಿ ಆರು ವರ್ಷ ಕೋಡ್ ಬರೆದುಕೊಟ್ಟವರಲ್ಲಿ ಎಷ್ಟೋ ಜನ ಕಂಪನಿಯ ನೌಕರರಾಗಿರಲಿಲ್ಲ. ಸುಮಾರು ಒಂದು ವಾರದಲ್ಲಿ ಅವರಲ್ಲಿ ಹಲವರು ಕೊನೆಯ ಬಿಎಸ್‌ಡಿ ಆವೃತ್ತಿ 7.2.4ನ್ನು ಹಿಡಿದು ವಾಲ್ಕೀ ಎಂಬ ಹೆಸರಿನಲ್ಲಿ, ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಬೇರೆ ಕವಲು ತೆಗೆದರು. ಅದೇ ವರ್ಷ ಬಂದ ವಾಲ್ಕೀ 8.0 ಒಂದು ಸರ್ವರಿನಲ್ಲಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ವಿನಂತಿಗಳನ್ನು ನಿಭಾಯಿಸಿದ ಲೆಕ್ಕ ಕೊಟ್ಟಿತು. ಯಾವ ಯಂತ್ರ, ಎಷ್ಟು ಗ್ರಾಹಕರು, ಯಾವ ಆಜ್ಞೆ ಎಂಬುದನ್ನೂ ಜೊತೆಗೆ ಪ್ರಕಟಿಸಿದರು, ಯಾರು ಬೇಕಾದರೂ ಮತ್ತೆ ಮಾಡಿ ನೋಡಲಿ ಎಂದು. ಸಾನ್‌ಫಿಲಿಪ್ಪೊ ಆ ವರ್ಷದ ಕೊನೆಗೆ ರೆಡಿಸ್‌ಗೆ ಮರಳಿದರು. 2025ರ ಮೇ ತಿಂಗಳಲ್ಲಿ ರೆಡಿಸ್ 8 ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸನ್ನು ಮತ್ತೆ ಸೇರಿಸಿಕೊಂಡಿತು. ಮರಳಿದ್ದು ಸಂತೋಷ. ಆದರೆ ಹೋದ ಜನ ಮರಳಿದರೆಂದು ಅರ್ಥವಲ್ಲ.

ಲಿನಕ್ಸಿಗೆ ಇಂಥ ಗತಿ ಬರಲಾರದು. ಕಾರಣ ಯಾರದೋ ಒಳ್ಳೆಯತನವಲ್ಲ, ಅದರ ರಚನೆ. ಕರ್ನಲ್‌ಗೆ ಕೋಡ್ ಕೊಡುವವರು ತಮ್ಮ ಹಕ್ಕನ್ನು ಯಾವ ಕಂಪನಿಗೂ ಬರೆದುಕೊಡುವುದಿಲ್ಲ. ಎಸ್‌ಸಿಒ ಎಂಬ ಕಂಪನಿ 2003ರಲ್ಲಿ ಐಬಿಎಂ ಮೇಲೆ ಕೋಡ್ ಕದ್ದ ಆರೋಪದ ದಾವೆ ಹೂಡಿದ ಮೇಲೆ, 2004ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಸರಳ ಪದ್ಧತಿಯೊಂದನ್ನು ತಂದರು: ಈ ಕೋಡನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ ಎಂದು ಪ್ರತಿ ಬದಲಾವಣೆಯ ಕೆಳಗೆ ಕೊಟ್ಟವರು ಹೆಸರು ಹಾಕಬೇಕು. ಹಕ್ಕು ಸಾವಿರಾರು ಜನರ ಕೈಯಲ್ಲಿ ಹರಡಿದೆ. ಅವರೆಲ್ಲರೂ ಒಪ್ಪದೆ ಲೈಸೆನ್ಸ್ ಬದಲಾಗದು. ಅದೇ ಕರ್ನಲ್‌ನಲ್ಲಿ ಇಂಟೆಲ್ ನಡೆಸುವ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆಯೊಂದು, ಯಾರ ಬದಲಾವಣೆಯಿಂದ ಯಾವ ಪರೀಕ್ಷೆ ಶೇಕಡಾ ಎಷ್ಟು ನಿಧಾನವಾಯಿತೆಂದು ಬದಲಾವಣೆಯ ಹೆಸರು ಹಿಡಿದು ಎಲ್ಲರೆದುರು ವರದಿ ಮಾಡುತ್ತದೆ. ಲೈಸೆನ್ಸ್ ಕಾಯುವ ಶಿಸ್ತೂ ವೇಗ ಕಾಯುವ ಶಿಸ್ತೂ ಅಲ್ಲಿ ಒಟ್ಟಿಗೆ ಬೆಳೆದಿವೆ. ಇದು ಆಕಸ್ಮಿಕ ಎಂದು ನನಗನಿಸುವುದಿಲ್ಲ.

ವಿದ್ಯಾರ್ಥಿಗಳೇ, ನೀವು ನಾಳೆ ಒಂದು ಯೋಜನೆಗೆ ಕೋಡ್ ಕೊಡಲು ಹೊರಟಾಗ ಎರಡು ಕಡೆ ನೋಡಿ. ಮೊದಲನೆಯದು, ಕೊಡುಗೆದಾರರಿಂದ ಬರೆಸಿಕೊಳ್ಳುವ ಒಪ್ಪಂದ ಇದೆಯೇ, ಇದ್ದರೆ ಲೈಸೆನ್ಸನ್ನು ತನಗೆ ಬೇಕಾದಂತೆ ಬದಲಿಸುವ ಹಕ್ಕನ್ನು ಅದು ಕಂಪನಿಗೆ ಕೊಡುತ್ತದೆಯೇ. ಎರಡನೆಯದು, "ಇದು ನಿಧಾನವಾಗಿದೆ" ಎಂಬ ದೂರುಗಳಿಗೆ ಅಲ್ಲಿ ಎಂಥ ಉತ್ತರ ಸಿಗುತ್ತದೆ. ದೂರನ್ನು ಹಾಗೇ ಮುಚ್ಚಿಬಿಡುತ್ತಾರೋ, ಯಾವ ಆವೃತ್ತಿ, ಯಾವ ಯಂತ್ರ, ಎಷ್ಟು ಮಾಹಿತಿ ಎಂದು ಕೇಳಿ ತಾವೂ ಅಳೆದು ನೋಡುತ್ತಾರೋ. ನೀವೇ ದೂರು ಕೊಡುವಾಗಲೂ ಇವನ್ನೆಲ್ಲ ಬರೆಯಿರಿ. ಕಂಪೈಲರಿನ ಆವೃತ್ತಿಯನ್ನೂ ಸೇರಿಸಿ. ಪೈಥಾನ್‌ನ ಕಥೆ ಪೂರ್ತಿ ಆ ಒಂದು ಸಾಲಿನಲ್ಲಿತ್ತು.

ಸರ್ಕಾರಕ್ಕೂ ಒಂದು ಮಾತು. ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಸರ್ಕಾರಿ ತಂತ್ರಾಂಶಗಳ ಕೋಡನ್ನು ತೆರೆದಿಡುವ ಬಗ್ಗೆ ಇನ್ನೊಂದು ನೀತಿಯೂ ಅದೇ ವರ್ಷ ಬಂತು. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ನಗರಾಡಳಿತಕ್ಕೆ ರೂಪಿಸಿದ ಡಿಜಿಟ್ ವೇದಿಕೆಯ ಕೋಡನ್ನು ಇವತ್ತು ಯಾರು ಬೇಕಾದರೂ ತೆರೆದು ಓದಬಹುದು. ಹೀಗಿರುವಾಗ ಕರ್ನಾಟಕದ ಇಲಾಖೆಗಳು ಖರೀದಿಸುವ, ಬರೆಸುವ ತಂತ್ರಾಂಶಗಳ ಟೆಂಡರ್ ದಾಖಲೆಯಲ್ಲಿ ಎರಡು ಸಾಲು ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ವೇಗದ ಅಳತೆಗಳನ್ನು ಪ್ರಕಟಿಸುವುದಕ್ಕೆ ತಡೆ ಹಾಕುವ ಯಾವ ಲೈಸೆನ್ಸನ್ನೂ ಇಲಾಖೆ ಒಪ್ಪುವುದಿಲ್ಲ ಎಂಬುದು ಒಂದು. ಸಾರ್ವಜನಿಕ ಹಣದಲ್ಲಿ ಬರೆಸಿದ ಕೋಡು, ಅದರ ಮೇಲೆ ನಡೆಸಿದ ವೇಗದ ಪರೀಕ್ಷೆ ಮತ್ತು ಅದರ ಫಲಿತಾಂಶ ಮೂರೂ ಒಟ್ಟಿಗೆ ಪ್ರಕಟವಾಗಬೇಕು ಎಂಬುದು ಎರಡನೆಯದು. ಆಗ ಒಂದು ಅರ್ಜಿ ಸಲ್ಲಿಸಲು ಗಂಟೆಗಟ್ಟಲೆ ಕಾಯುವ ನಾಗರಿಕನಿಗೆ ಯಾಕೆ ಕಾಯುತ್ತಿದ್ದೇನೆ ಎಂದು ಕೇಳಲು ಆಧಾರ ಸಿಗುತ್ತದೆ. ಈ ಕಾಲೇಜಿನ ಒಬ್ಬ ವಿದ್ಯಾರ್ಥಿ ಕಾರಣ ಹುಡುಕಿ ತಿದ್ದುಪಡಿಯನ್ನೂ ಕಳಿಸಬಹುದು.